ಮಿದುಳು, ಬೆನ್ನುಹುರಿಯ ಅಪರೂಪದ ಗಡ್ಡೆ: ಆಪರೇಷನ್ನಿಗೆಂದು ಮುಂಬೈಗೆ ಬರುವವರಿಗೆ

ಮಿದುಳಿನಲ್ಲೋ ಬೆನ್ನುಹುರಿಯಲ್ಲೋ ಗಡ್ಡೆ ಇದೆ ಎಂದು ಗೊತ್ತಾದ ಮನೆಯವರೆಲ್ಲ ಕೇಳುವ ಮೊದಲ ಮಾತು ಒಂದೇ: ‘ಪೂರ್ತಿ ತೆಗೆದುಬಿಡುತ್ತಾರಲ್ಲವೇ?’ ಕೇಳುವುದು ತಪ್ಪಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ. ಆಪರೇಷನ್ ಆಗಿ ಆರು ತಿಂಗಳು ಕಳೆದ ಮೇಲೆ ನಮ್ಮವರು ನಡೆಯುತ್ತಾರೆಯೇ? ಮೂತ್ರ ತಾನಾಗಿ ಹೋಗುತ್ತದೆಯೇ? ನುಂಗಲು ಬರುತ್ತದೆಯೇ? ಅಂಗಡಿಯ ಲೆಕ್ಕ ಬರೆಯುತ್ತಿದ್ದವರು ಮತ್ತೆ ಬರೆಯುತ್ತಾರೆಯೇ? ಗಡ್ಡೆಯನ್ನು ಎಷ್ಟು ತೆಗೆಯಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಒಳ್ಳೆಯ ನ್ಯೂರೋಸರ್ಜನ್ ತೀರ್ಮಾನಿಸುವುದು ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡೇ. ಮನೆಯವರೂ ಹಾಗೆಯೇ ಯೋಚಿಸಿದರೆ ಮುಂದೆ ವಾರ್ಡಿನಲ್ಲಿ ಆಗುವ ಅರ್ಧ ಜಗಳ ತಪ್ಪುತ್ತದೆ.

ನಾನು ಮುಂಬೈಯ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯ ನ್ಯೂರೋಸರ್ಜರಿ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಊರು ಕುಂದಾಪುರದ ಕಡೆ, ಮನೆ ಡೊಂಬಿವಿಲಿಯಲ್ಲಿ. ನನಗೆ ನಿವೃತ್ತಿ ಸಿಕ್ಕಿತು, ನನ್ನ ಫೋನಿಗೆ ಸಿಗಲಿಲ್ಲ. ‘ಅಕ್ಕಾ, ನಮ್ಮ ಕಡೆಯವರೊಬ್ಬರು ಮತ್ಸ್ಯಗಂಧ ರೈಲಿನಲ್ಲಿ ಹೊರಟಿದ್ದಾರೆ, ತಲೆಯಲ್ಲಿ ಏನೋ ಗಂಟಂತೆ, ಸ್ವಲ್ಪ ನೋಡಿಕೊಳ್ಳಿ’ ಎಂದು ಯಾರಾದರೂ ಹೇಳುತ್ತಲೇ ಇರುತ್ತಾರೆ. ನಾನು ಡಾಕ್ಟರಲ್ಲ. ಯಾವ ಗಡ್ಡೆಗೆ ಯಾವ ಆಪರೇಷನ್ ಎನ್ನುವುದು ನನ್ನ ಮಾತಲ್ಲ, ಅದು ನಿಮ್ಮ ಸರ್ಜನ್ ಹೇಳಬೇಕಾದದ್ದು. ಆದರೆ ಕುಯ್ದು ಹೊಲಿದು ಕಳಿಸಿದ ಮೇಲೆ ರಾತ್ರಿಯಿಡೀ ರೋಗಿಯ ಮಗ್ಗುಲಲ್ಲಿ ಇರುವವರು ನಾವು. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲಿಗೆ, ಯಾರು ಹೊರಡಬಾರದು

ಎಲ್ಲರೂ ಮುಂಬೈಗೇ ಬರಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಮಣಿಪಾಲ ಇದೆ. ಆದರೂ ಬರುವುದೆಂದಾದರೆ ರೋಗಿ ರೈಲು ಹತ್ತುವ ಸ್ಥಿತಿಯಲ್ಲಿರಬೇಕು. ಬೆಳಗಿನ ತಲೆನೋವಿನ ಜೊತೆ ವಾಂತಿ, ಕಣ್ಣು ಮಂಜಾಗುತ್ತಾ ಬರುವುದು, ಕರೆದರೆ ತಡವಾಗಿ ಓಗೊಡುವುದು, ಹಗಲಲ್ಲೂ ತೂಕಡಿಕೆ: ಇವು ಕಂಡರೆ ತಲೆಯೊಳಗಿನ ಒತ್ತಡ ಏರಿದೆ ಎಂದು ಅರ್ಥ. ಮಿದುಳಿನ ನಡುವಿನ ನೀರಿನ ಕೋಣೆಯಲ್ಲಿ ಬೆಳೆಯುವ ಕೊಲಾಯ್ಡ್ ಸಿಸ್ಟ್ ಎಂಬ ಸಣ್ಣ ಗುಳ್ಳೆ ನೀರಿನ ದಾರಿಯನ್ನು ಥಟ್ಟನೆ ಮುಚ್ಚಿಬಿಟ್ಟರೆ ಕೆಲವು ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರಬಹುದು. ಅಂಥವರನ್ನು ಹತ್ತಿರದ ನ್ಯೂರೋಸರ್ಜನ್ ಬಳಿ ಒಯ್ದು ಮೊದಲು ನೀರು ಹೊರಹಾಕುವ ನಳಿಕೆ ಹಾಕಿಸಬೇಕು. ಮಿಕ್ಕದ್ದು ಆಮೇಲೆ. ವಿಚಿತ್ರವೆಂದರೆ ಅದೇ ಗುಳ್ಳೆಯನ್ನು ಸಕಾಲದಲ್ಲಿ ಪೂರ್ತಿ ತೆಗೆದರೆ ಸಾಮಾನ್ಯವಾಗಿ ರೋಗ ಅಲ್ಲಿಗೇ ಮುಗಿಯಿತು. ಕಾಲಿನ ಶಕ್ತಿ ಒಂದೆರಡು ದಿನಗಳಲ್ಲಿ ಕುಸಿದು ಮೂತ್ರ ಕಟ್ಟಿದ್ದರೂ ಅಷ್ಟೇ, ಟಿಕೆಟ್ ಕಾಯ್ದಿರಿಸುತ್ತಾ ಕೂರಬೇಡಿ.

ಚೀಲದಲ್ಲಿ ಏನಿರಬೇಕು

ಎಂಆರ್‌ಐ ಫಿಲ್ಮಿನ ದೊಡ್ಡ ಲಕೋಟೆಯನ್ನು ಎಲ್ಲರೂ ಮಗುವಿನಂತೆ ಎತ್ತಿಕೊಂಡು ಬರುತ್ತಾರೆ, ಸಿಡಿಯನ್ನು ಮಾತ್ರ ಊರಲ್ಲೇ ಬಿಟ್ಟಿರುತ್ತಾರೆ. ಸರ್ಜನ್‌ಗೆ ಬೇಕಾದದ್ದು ಸಿಡಿ ಅಥವಾ ಪೆನ್‌ಡ್ರೈವ್. ಅದರಲ್ಲಿನ ನೂರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದಾಗಲೇ ಗಡ್ಡೆಗೂ ನರಕ್ಕೂ ನಡುವೆ ಸಂದು ಇದೆಯೇ ಎಂಬುದು ತಿಳಿಯುತ್ತದೆ. ಕಾಂಟ್ರಾಸ್ಟ್ ಚುಚ್ಚುಮದ್ದು ಕೊಟ್ಟು ತೆಗೆದ ಎಂಆರ್‌ಐ ಇರಬೇಕು. ಬೆನ್ನುಹುರಿಯ ಗಡ್ಡೆಯಾದರೆ ಸೊಂಟದ್ದು ಮಾತ್ರ ಸಾಲದು, ಇಡೀ ಬೆನ್ನಿನದು ಬೇಕಾಗುತ್ತದೆ. ಊರಲ್ಲಿ ಬಯಾಪ್ಸಿ, ಅಂದರೆ ಗಡ್ಡೆಯ ತುಣುಕಿನ ಪರೀಕ್ಷೆ, ಆಗಿದ್ದರೆ ವರದಿಯ ಕಾಗದ ನಂಬಿ ಬರಬೇಡಿ. ಆ ತುಣುಕನ್ನು ಇಟ್ಟ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಿರಿ. ಅಪರೂಪದ ಗಡ್ಡೆಗಳಲ್ಲಿ ಮೊದಲ ವರದಿಯೂ ಎರಡನೆಯ ವರದಿಯೂ ಬೇರೆಯಾಗುವುದು ಹೊಸತಲ್ಲ. ಪರೇಲಿನ ಟಾಟಾ ಮೆಮೋರಿಯಲ್‌ನಂಥ ಕಡೆ ಹೊರಗಿನ ಬಯಾಪ್ಸಿಯನ್ನು ತಾವೇ ಮತ್ತೆ ನೋಡದೆ ಮುಂದಿನ ಮಾತಿಲ್ಲ.

ಔಷಧಿಗಳ ಹೆಸರು ಬರೆದ ಚೀಟಿಗಿಂತ ಮಾತ್ರೆಯ ಸ್ಟ್ರಿಪ್‌ಗಳನ್ನೇ ತನ್ನಿ. ಹೃದಯಕ್ಕೆಂದು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಮೊದಲ ದಿನವೇ ಹೇಳಿ. ರಕ್ತ ತೆಳುವಾಗಿಸುವ ಈ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕು ಎಂಬುದು ಹೃದಯದ ಡಾಕ್ಟರೂ ಸರ್ಜನ್ನೂ ಸೇರಿ ಹೇಳಬೇಕಾದದ್ದು, ನೀವಾಗಿ ನಿಲ್ಲಿಸುವಂತಿಲ್ಲ.

ಇನ್ನೊಂದು ಕಾಗದ ನೀವೇ ಬರೆಯಬೇಕು: ಏನಾಯಿತು, ಯಾವ ತಿಂಗಳಲ್ಲಿ ಶುರುವಾಯಿತು. ‘ಕಾಲು ನೋವು’ ಎಂದಷ್ಟೇ ಬರೆದರೆ ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ಅದು ಮೂಳೆಯ ನೋವಾಗಿ ಹೋಗುತ್ತದೆ. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದದ್ದು ಗೊತ್ತಾಗಲಿಲ್ಲವೇ? ಬರೆಯಿರಿ. ಅನ್ನ ಸಾರು ಕಲಸಲು ಬೆರಳು ಮೊದಲಿನಂತೆ ಬಗ್ಗುತ್ತಿಲ್ಲವೇ, ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯಬೇಕಾಯಿತೇ? ಮುಖ ತೊಳೆಯಲು ಕಣ್ಣು ಮುಚ್ಚಿದರೆ ಜೋಲಿ ಹೊಡೆಯುತ್ತದೆಯೇ? ಸ್ನಾನದ ನೀರು ಒಂದು ಕಾಲಿಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ ಅನಿಸುತ್ತದೆಯೇ? ಬೆನ್ನುಹುರಿಯ ಯಾವ ಮಗ್ಗುಲು, ಯಾವ ಎಳೆ ಒತ್ತಿಹೋಗಿದೆ ಎಂದು ನರವೈದ್ಯರು ಹಿಡಿಯುವುದು ಇಂಥ ಸಂಗತಿಗಳಿಂದ. ಮೂತ್ರ, ಮಲ, ಗಂಡಸುತನದ ತೊಂದರೆಗಳನ್ನು ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ, ಹೆಂಗಸರ ಎದುರಂತೂ ಇಲ್ಲವೇ ಇಲ್ಲ. ಬರೆದುಕೊಡಲು ನಾಚಿಕೆ ಕಡಿಮೆ.

ಯಾವ ಗಡ್ಡೆ, ಎಂಥ ನಿರೀಕ್ಷೆ

ಎಂಆರ್‌ಐನಲ್ಲಿ ಕಂಡದ್ದೆಲ್ಲ ಟ್ಯೂಮರ್ ಅಲ್ಲ. ನಮ್ಮ ದೇಶದಲ್ಲಿ ಕ್ಷಯದ ಗಂಟು ಮಿದುಳಿನಲ್ಲೂ ಆಗುತ್ತದೆ, ಲಾಡಿಹುಳುವಿನ ಮರಿ ಸೇರಿಕೊಂಡೂ ಗುಳ್ಳೆ ಕಟ್ಟುತ್ತದೆ. ಇವು ಬಹುಪಾಲು ಮಾತ್ರೆಗೇ ಬಗ್ಗುತ್ತವೆ. ಆದ್ದರಿಂದ ‘ಮೊದಲು ಸಣ್ಣ ತುಣುಕು ತೆಗೆದು ನೋಡೋಣ’ ಎಂದು ಡಾಕ್ಟರು ಹೇಳಿದರೆ ಕಾಲಹರಣ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ.

ಬೆನ್ನುಹುರಿಯ ಒಳಗೇ ಬೆಳೆಯುವ ಗಡ್ಡೆಗಳಲ್ಲಿ ದೊಡ್ಡವರಿಗೆ ಹೆಚ್ಚಾಗಿ ಬರುವುದು ಎಪೆಂಡಿಮೋಮ. ಇದಕ್ಕೂ ಹುರಿಗೂ ನಡುವೆ ಸಾಮಾನ್ಯವಾಗಿ ತೆಳುವಾದ ಗಡಿ ಇರುತ್ತದೆ. ಸೂಕ್ಷ್ಮದರ್ಶಕದಡಿ ನಿಧಾನವಾಗಿ ಬಿಡಿಸಿದರೆ ಪೂರ್ತಿ ಬರುವ ಸಾಧ್ಯತೆ ಹೆಚ್ಚು. ಪೂರ್ತಿ ಬಂದವರಲ್ಲಿ ಎಷ್ಟೋ ಜನರಿಗೆ ರೇಡಿಯೇಷನ್ ಬೇಕಾಗುವುದಿಲ್ಲ. ಅದೇ ಹುರಿಯೊಳಗಿನ ಆಸ್ಟ್ರೋಸೈಟೋಮಕ್ಕೆ ಸಾಮಾನ್ಯವಾಗಿ ಗಡಿಯೇ ಇರುವುದಿಲ್ಲ, ನರದ ಎಳೆಗಳ ನಡುವೆ ಹಬ್ಬಿಕೊಂಡಿರುತ್ತದೆ. ಅಲ್ಲಿ ‘ಪೂರ್ತಿ ತೆಗೆಯಿರಿ’ ಎಂದು ಹಟ ಹಿಡಿಯುವುದೆಂದರೆ ಕಾಲನ್ನೂ ಜೊತೆಗೇ ತೆಗೆಯಿರಿ ಎಂದಂತೆ. ಎರಡೂ ಎಂಆರ್‌ಐನಲ್ಲಿ ಒಂದೇ ತರಹ ಕಾಣಬಹುದು, ಕೆಲವೊಮ್ಮೆ ಹುರಿಯನ್ನು ತೆರೆದಾಗಲೇ ನಿಜ ತಿಳಿಯುವುದು.

ಈ ಆಪರೇಷನ್ನಿನ ಫಲವನ್ನು ಮುಂಚೆಯೇ ಅಂದಾಜಿಸಲು ಒಂದು ಅಳತೆಗೋಲಿದೆ. ಅಮೆರಿಕದ ಮೆಕಾರ್ಮಿಕ್ ಮತ್ತು ಜೊತೆಗಾರರು 1990ರಲ್ಲಿ ಕೊಟ್ಟದ್ದು, ನಾಲ್ಕು ದರ್ಜೆಯದು. ಆರಾಮವಾಗಿ ನಡೆಯುವವರು ಒಂದನೆಯ ದರ್ಜೆ, ಬಹುಪಾಲು ಪರಾವಲಂಬಿಗಳಾದವರು ನಾಲ್ಕನೆಯದು. ಆಪರೇಷನ್ ಥಿಯೇಟರಿಗೆ ಯಾವ ದರ್ಜೆಯಲ್ಲಿ ಹೋದರೋ ಹೆಚ್ಚುಕಡಿಮೆ ಅದರಲ್ಲೇ ಉಳಿಯುತ್ತಾರೆ ಎಂಬುದು ಈ ವಿದ್ಯೆಯ ಕಟುಸತ್ಯ. ನಡೆದುಕೊಂಡು ಬಂದವರು ನಡೆದುಕೊಂಡು ಹೋಗುತ್ತಾರೆ. ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿ, ಗಾಲಿಕುರ್ಚಿ ಹಿಡಿದ ಮೇಲೆ ಬಂದವರನ್ನು ಎಂಥ ಸರ್ಜನ್ ಕೈಯೂ ಎಬ್ಬಿಸುವುದು ಅಪರೂಪ. ‘ಇನ್ನೂ ನಡೆಯುತ್ತಿದ್ದಾರಲ್ಲ, ಅವಸರವೇನು’ ಎನ್ನುವವರಿಗೆ ನನ್ನ ಉತ್ತರ: ನಡೆಯುತ್ತಿರುವುದರಿಂದಲೇ ಅವಸರ.

ಹುರಿಯ ತುದಿಯಲ್ಲಿ ಬರುವ ಮಿಕ್ಸೋಪ್ಯಾಪಿಲ್ಲರಿ ಎಪೆಂಡಿಮೋಮದ ಕತೆ ಸ್ವಲ್ಪ ಬೇರೆ. ಅದರ ಚೀಲ ಹರಿಯದಂತೆ ಇಡಿಯಾಗಿ ತೆಗೆಯಬೇಕು, ಹರಿದರೆ ಜೀವಕೋಶಗಳು ಬೆನ್ನುನೀರಿನಲ್ಲಿ ತೇಲಿ ಬೇರೆಡೆ ಬೇರೂರಬಹುದು. ಹಳೆಯ ವರದಿಯಲ್ಲಿ ಇದಕ್ಕೆ ಗ್ರೇಡ್ 1 ಎಂದಿದ್ದು ಹೊಸದರಲ್ಲಿ ಗ್ರೇಡ್ 2 ಎಂದಿದ್ದರೆ ರೋಗ ಏರಿತೆಂದು ಅಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ ದರ್ಜೆಯೇ ಬದಲಾಗಿದೆ.

ಹೆಮಾಂಜಿಯೋಬ್ಲಾಸ್ಟೋಮ ರಕ್ತನಾಳಗಳ ಉಂಡೆ. ಚಿಕ್ಕಮಿದುಳಿನಲ್ಲೋ ಹುರಿಯಲ್ಲೋ ಬರುತ್ತದೆ, ಕ್ಯಾನ್ಸರ್ ಅಲ್ಲ. ಆದರೆ ತುಂಡು ತುಂಡಾಗಿ ತೆಗೆಯಹೊರಟರೆ ರಕ್ತ ನಿಲ್ಲುವುದಿಲ್ಲ. ಸುತ್ತಲಿನ ನಾಳಗಳನ್ನು ಒಂದೊಂದಾಗಿ ಸುಟ್ಟು ಮುಚ್ಚಿ ಇಡೀ ಉಂಡೆಯನ್ನು ಎತ್ತುತ್ತಾರೆ. ಇದರ ಹಿಂದೆ ವಾನ್ ಹಿಪ್ಪೆಲ್ ಲಿಂಡೌ ಎಂಬ ವಂಶವಾಹಿ ಕಾಯಿಲೆ ಇದ್ದರೂ ಇರಬಹುದು. ಆದ್ದರಿಂದ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಅದರ ಮೇಲಿನ ಅಡ್ರಿನಲ್ ಗ್ರಂಥಿಯ ತಪಾಸಣೆ ಆಗಬೇಕು. ಅಡ್ರಿನಲ್‌ನಲ್ಲಿ ಗಡ್ಡೆ ಇರುವುದು ತಿಳಿಯದೆ ಅರಿವಳಿಕೆ ಕೊಟ್ಟರೆ ಮೇಜಿನ ಮೇಲೇ ರಕ್ತದೊತ್ತಡ ಗಗನಕ್ಕೇರುತ್ತದೆ. ಕಾಯಿಲೆ ಖಚಿತವಾದರೆ ಅಣ್ಣತಮ್ಮಂದಿರು, ಮಕ್ಕಳು ಕೂಡ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮದುವೆಯ ಮಾತುಕತೆ ನಡೆಯುತ್ತಿರುವ ಮನೆಗಳಲ್ಲಿ ಇದನ್ನು ಮುಚ್ಚಿಡುವುದನ್ನು ನೋಡಿದ್ದೇನೆ. ಮುಚ್ಚಿಟ್ಟರೆ ಕಷ್ಟಕ್ಕೆ ಸಿಗುವವರು ಆ ಮಕ್ಕಳೇ.

ಈಗ ಹೇಳುವುದು ಗಡ್ಡೆಯೇ ಅಲ್ಲ, ಆದರೂ ಬಿಡುವಂತಿಲ್ಲ. ಐವತ್ತು ದಾಟಿದ ಗಂಡಸು. ಸ್ವಲ್ಪ ದೂರ ನಡೆದರೆ ಕಾಲು ಸೋಲುತ್ತದೆ, ಕೂತರೆ ಸರಿಹೋಗುತ್ತದೆ. ಮೂತ್ರ ತಡೆದು ತಡೆದು ಬರುತ್ತದೆ. ಒಬ್ಬರು ಡಿಸ್ಕ್ ಎನ್ನುತ್ತಾರೆ, ಇನ್ನೊಬ್ಬರು ಪ್ರಾಸ್ಟೇಟ್ ಎನ್ನುತ್ತಾರೆ. ವಿಜಯಪುರ ಕಡೆಯ ನಿವೃತ್ತ ಮಾಸ್ತರರೊಬ್ಬರು ಎರಡಕ್ಕೂ ಚಿಕಿತ್ಸೆ ಮಾಡಿಸಿಕೊಂಡೇ ನಮ್ಮಲ್ಲಿಗೆ ಬಂದಿದ್ದರು. ಅವರಿಗಿದ್ದದ್ದು ಬೆನ್ನುಹುರಿಯ ಹೊದಿಕೆಯಲ್ಲಿ ಶುದ್ಧ ರಕ್ತದ ನಾಳ ನೇರವಾಗಿ ಅಶುದ್ಧ ರಕ್ತದ ನಾಳಕ್ಕೆ ಕೂಡಿಕೊಳ್ಳುವ ಡ್ಯೂರಲ್ ಫಿಸ್ಟುಲ. ಹುರಿಯಿಂದ ರಕ್ತ ಇಳಿದುಹೋಗಲಾರದೆ ಅದು ಊದಿಕೊಳ್ಳುತ್ತದೆ. ಹುರಿಯ ಉರಿಯೂತವೆಂದು ತಿಳಿದು ಸ್ಟಿರಾಯ್ಡ್ ಡ್ರಿಪ್ ಕೊಟ್ಟರೆ ಕಾಲು ಇನ್ನಷ್ಟು ಬೀಳಬಹುದು, ಇದು ಅನೇಕರಲ್ಲಿ ದಾಖಲಾದ ಸಂಗತಿ. ಪತ್ತೆಗೆ ಬೆನ್ನಿನ ಆಂಜಿಯೋಗ್ರಫಿ ಬೇಕು. ಚಿಕಿತ್ಸೆ ಎಂದರೆ ಆ ಒಂದು ಕೂಡಿಕೆಯನ್ನು ಅಂಟು ತುಂಬಿ ಮುಚ್ಚುವುದು ಅಥವಾ ಸಣ್ಣ ಆಪರೇಷನ್ನಿನಲ್ಲಿ ಕತ್ತರಿಸುವುದು. ನಡಿಗೆ ಅನೇಕರಲ್ಲಿ ಸುಧಾರಿಸುತ್ತದೆ, ಮೂತ್ರದ ಹಿಡಿತ ಅಷ್ಟಾಗಿ ಮರಳುವುದಿಲ್ಲ. ಮಾಸ್ತರರು ಕೋಲೂರಿ ನಡೆದು ಹೋದರು, ಕ್ಯಾತಿಟರ್ ಚೀಲ ಜೊತೆಗೇ ಹೋಯಿತು.

ಕಾರ್ಡೋಮ ಎಂಬ ಮೂಳೆಯ ಗಡ್ಡೆ ಹೆಚ್ಚಾಗಿ ಬರುವುದು ತಲೆಬುರುಡೆಯ ತಳದಲ್ಲಿ ಅಥವಾ ಬೆನ್ನಿನ ಬಾಲದ ಮೂಳೆಯಲ್ಲಿ. ನಿಧಾನದ ರೋಗ, ಆದರೆ ಬಿಟ್ಟಲ್ಲೇ ಮತ್ತೆ ಬರುವ ಹಟಮಾರಿ. ಬಾಲದ ಮೂಳೆಯದನ್ನು ಸುತ್ತಲ ಮೂಳೆಯ ಸಮೇತ ಇಡಿಯಾಗಿ ತೆಗೆಯುತ್ತಾರೆ. ಅಲ್ಲಿಂದ ಹೊರಡುವ ಎಸ್2, ಎಸ್3 ಎಂಬ ನರಗಳು ಉಳಿಯುತ್ತವೆಯೇ ಎಂಬುದರ ಮೇಲೆ ಮಲಮೂತ್ರದ ಹಿಡಿತ ನಿಂತಿದೆ, ಹೆಸರು ಹಿಡಿದೇ ಕೇಳಿ. ತಲೆಬುರುಡೆ ತಳದ ಗಡ್ಡೆಯನ್ನು ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ತೆಗೆಯುವುದುಂಟು. ಆಮೇಲೆ ಕೊಡುವ ರೇಡಿಯೇಷನ್ ಪ್ರಮಾಣ ಬಹಳ ಹೆಚ್ಚು, ಹಿಂದೆಯೇ ಇರುವ ಮಿದುಳುಕಾಂಡ ಅದನ್ನು ತಾಳುವುದಿಲ್ಲ. ಪ್ರೋಟಾನ್ ಕಿರಣ ಗೊತ್ತುಮಾಡಿದ ಆಳದಲ್ಲಿ ಶಕ್ತಿ ಸುರಿದು ಅಲ್ಲೇ ನಿಲ್ಲುವುದರಿಂದ ಇಂಥ ಕಡೆ ಅದಕ್ಕೆ ಬೆಲೆ. ನವಿ ಮುಂಬೈಯ ಖಾರ್‌ಘರ್‌ನಲ್ಲಿರುವ ಟಾಟಾದ ಆಕ್ಟ್ರೆಕ್ ಕ್ಯಾನ್ಸರ್ ಕೇಂದ್ರದಲ್ಲಿ 2023ರಿಂದ ಈ ಚಿಕಿತ್ಸೆ ಸಿಗುತ್ತಿದೆ.

ಕ್ಯಾವರ್ನೋಮ (ತೆಳುಗೋಡೆಯ ರಕ್ತನಾಳಗಳ ಗೊಂಚಲು), ಎಪಿಡರ್ಮಾಯ್ಡ್ (ಚರ್ಮದಂಥ ಕೋಶಗಳ ಗುಳ್ಳೆ) ಬಗ್ಗೆ ಚುಟುಕಾಗಿ: ಮೊದಲನೆಯದು ಮಿದುಳುಕಾಂಡದಲ್ಲಿದ್ದು ಮತ್ತೆ ಮತ್ತೆ ರಕ್ತ ಒಸರಿ, ಮೇಲ್ಮೈಗೆ ಹತ್ತಿರ ಬಂದರೆ ಮಾತ್ರ ಸಾಮಾನ್ಯವಾಗಿ ಕೈ ಹಾಕುತ್ತಾರೆ. ಎರಡನೆಯದರ ಸಿಪ್ಪೆ ನರಕ್ಕೆ ಅಂಟಿಕೊಂಡಿದ್ದರೆ ಚೂರು ಬಿಟ್ಟುಬರುವುದೇ ಜಾಣತನ.

ಸರ್ಜನ್ ಮುಂದೆ ಕುಳಿತಾಗ

ದೊಡ್ಡ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಿ, ಸಾಲಿನಲ್ಲಿ ನಿಂತು ಒಳಗೆ ಹೋದಾಗ ಸಿಗುವ ಸಮಯ ಕಡಿಮೆ. ಒಳಗೆ ಇಬ್ಬರೇ ಹೋಗಿ, ಒಬ್ಬರಿಗೆ ಮರಾಠಿಯೋ ಹಿಂದಿಯೋ ಚೆನ್ನಾಗಿ ಬರಲಿ. ಉದ್ದೇಶ ಏನೆಂದು ನೇರವಾಗಿ ಕೇಳಿ: ತುಣುಕು ತೆಗೆಯುವುದೇ, ಒತ್ತಡ ಇಳಿಸುವುದೇ, ಪೂರ್ತಿ ತೆಗೆಯುವುದೇ? ಯಾವ ನರಕ್ಕೆ ಅಪಾಯ? ಏನೂ ಮಾಡದೆ ಕಾದರೆ ಏನಾಗುತ್ತದೆ? ಇಂಥದ್ದೇ ಗಡ್ಡೆ ನಿಮ್ಮಲ್ಲಿಗೆ ಎಷ್ಟು ಬರುತ್ತವೆ? ಕೊನೆಯದನ್ನು ಕೇಳಲು ನಮ್ಮವರಿಗೆ ಭಯ. ಕೇಳಿದ್ದಕ್ಕೆ ಸಿಡುಕುವ ಸರ್ಜನ್‌ಗಿಂತ ಕೂತು ಉತ್ತರ ಕೊಡುವವರು ಹೆಚ್ಚು, ನಾನು ಕಂಡಂತೆ.

‘ನರದ ಮಾನಿಟರಿಂಗ್ ಇರುತ್ತದೆಯೇ’ ಎಂದೂ ಕೇಳಿ. ತಲೆಗೂ ಕೈಕಾಲಿಗೂ ಸಣ್ಣ ಸೂಜಿಗಳನ್ನು ಹಾಕಿ, ಮಿದುಳಿನಿಂದ ಸ್ನಾಯುವಿಗೆ ಸಂಕೇತ ಇಳಿಯುತ್ತಿದೆಯೇ ಎಂದು ಆಪರೇಷನ್ ಉದ್ದಕ್ಕೂ ನೋಡುತ್ತಿರುತ್ತಾರೆ. ಸಂಕೇತ ಕುಗ್ಗಿದರೆ ಸರ್ಜನ್ ಕೈ ನಿಲ್ಲಿಸಿ, ಬೆಚ್ಚಗಿನ ಸಲೈನ್ ಹಾಕಿ, ರಕ್ತದೊತ್ತಡ ಏರಿಸಿ ಕಾಯುತ್ತಾರೆ. ಮರಳದಿದ್ದರೆ ಉಳಿದ ಗಡ್ಡೆಯನ್ನು ಅಲ್ಲೇ ಬಿಟ್ಟು ಮುಚ್ಚುವುದೂ ಇದೆ. ಹೊರಗೆ ಬಂದು ‘ಸ್ವಲ್ಪ ಬಿಟ್ಟಿದ್ದೇವೆ’ ಎಂದರೆ ಅದನ್ನು ಸೋಲೆಂದು ತಿಳಿಯಬೇಡಿ.

ಮಾತಿನ ಕೇಂದ್ರದ ಹತ್ತಿರದ ಗಡ್ಡೆಯಾದರೆ ರೋಗಿಯನ್ನು ಎಚ್ಚರವಾಗಿಟ್ಟೇ ಆಪರೇಷನ್ ಮಾಡುತ್ತಾರೆ. ಮಿದುಳಿಗೆ ನೋವಿಲ್ಲ. ಚರ್ಮಕ್ಕೆ ಮರಗಟ್ಟುವ ಮದ್ದು ಕೊಟ್ಟಿರುತ್ತಾರೆ. ಸರ್ಜನ್ ಒಂದು ಜಾಗವನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿದಾಗ ಮಾತು ತಡವರಿಸಿದರೆ ಆ ಜಾಗವನ್ನು ಬಿಟ್ಟುಬಿಡುತ್ತಾರೆ. ಇಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕು: ಪರೀಕ್ಷೆ ರೋಗಿಯ ಮನೆಮಾತಿನಲ್ಲೇ ಆಗಬೇಕು. ಎರಡು ಭಾಷೆ ಬಲ್ಲವರಲ್ಲಿ ಒಂದು ಉಳಿದು ಇನ್ನೊಂದು ತೊದಲುವುದು ಸಾಧ್ಯ. ಅಂಥ ಒಂದು ಆಪರೇಷನ್ನಿಗೆ ಕನ್ನಡ ಬರುತ್ತದೆಂದು ನನ್ನನ್ನು ಕರೆದಿದ್ದರು. ಹಸಿರು ಬಟ್ಟೆಯ ಪರದೆಯ ಈಚೆ ಮುಖ ಮಾತ್ರ ಕಾಣುವ ಗದಗದ ಹುಡುಗ, ನನ್ನ ಕೈಯಲ್ಲಿ ಚಿತ್ರದ ಕಾರ್ಡುಗಳು. ಹಸು, ಬಾಳೆಹಣ್ಣು, ಬೀಗ ಸರಾಗವಾಗಿ ಬಂದವು. ಕೊಡೆಯ ಚಿತ್ರಕ್ಕೆ ಅವನು ‘ಛತ್ರಿ’ ಎಂದ. ಅವನ ಊರಿನಲ್ಲಿ ಅದು ಛತ್ರಿಯೇ ಎಂಬುದನ್ನು ಹಿಂದಿನ ದಿನವೇ ಕೂತು ಬರೆದುಕೊಂಡಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಮುಂದಿನ ಕಾರ್ಡು ಕತ್ತರಿ. ಬಾಯಿ ತೆರೆದ, ಮಾತು ಹೊರಡಲಿಲ್ಲ, ಬೆರಳಲ್ಲಿ ಕತ್ತರಿಸುವಂತೆ ಸನ್ನೆ ಮಾಡಿದ. ನಾನು ‘ನಿಂತಿತು’ ಎಂದೆ. ಸರ್ಜನ್ ಆ ಜಾಗದ ಮೇಲೆ ಅಂಕಿಯ ಚೀಟಿ ಇಟ್ಟು ಪಕ್ಕಕ್ಕೆ ಸರಿದರು. ನಿಮ್ಮವರಿಗೆ ಇಂಥ ಆಪರೇಷನ್ ಎಂದಾದರೆ, ಕನ್ನಡ ಬಲ್ಲವರೊಬ್ಬರು ಒಳಗಿರುವ ವ್ಯವಸ್ಥೆಯನ್ನು ಮೊದಲೇ ಕೇಳಿಕೊಳ್ಳಿ. ಹಿಂದಿನ ದಿನದ ಅಭ್ಯಾಸ ತಪ್ಪಿಸಬೇಡಿ.

ದುಡ್ಡು, ವಸತಿ

ಕೆಇಎಂ, ನಾಯರ್, ಸಯನ್‌ನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ನ್ಯೂರೋಸರ್ಜರಿ ವಿಭಾಗಗಳಿವೆ. ಖರ್ಚು ಕಡಿಮೆ, ಕಾಯುವುದು ಹೆಚ್ಚು. ಆಯುಷ್ಮಾನ್ ಕಾರ್ಡ್ ಇರುವವರು ಆಸ್ಪತ್ರೆಯ ಆರೋಗ್ಯಮಿತ್ರರ ಕೌಂಟರಿನಲ್ಲಿ ಕೇಳಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆ ಯೋಜನೆ ಬೇರೆ ರಾಜ್ಯದಲ್ಲೂ ನಡೆಯುವಂಥದ್ದು. ಆದರೆ ಮಂಜೂರಾತಿ ಆಪರೇಷನ್ನಿಗೆ ಮೊದಲೇ ಆಗಬೇಕು. ಖಾಸಗಿ ಎಂದು ಕಾಣುವ ಎಷ್ಟೋ ದೊಡ್ಡ ಆಸ್ಪತ್ರೆಗಳು ವಾಸ್ತವದಲ್ಲಿ ಧರ್ಮಾರ್ಥ ಟ್ರಸ್ಟುಗಳವು. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಮಿನ ಪ್ರಕಾರ ಅವು ಶೇ 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿಯೂ ಇನ್ನು ಶೇ 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿಯೂ ಕೊಡಬೇಕು. ಬಿಲ್ಲಿಂಗ್ ಕೌಂಟರಿನವರು ತಾವಾಗಿ ಇದನ್ನು ಹೇಳಲಾರರು, ಸೋಷಿಯಲ್ ವರ್ಕರ್ ಕೋಣೆ ಎಲ್ಲಿದೆ ಎಂದು ಕೇಳಿ ಹೋಗಿ. ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ ಊರಿನಿಂದಲೇ ತನ್ನಿ. ಕ್ಯಾನ್ಸರ್ ರೋಗಿಗಳಿಗೆ ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆ ಇದೆ. ನಮ್ಮ ರುಚಿಯ ಊಟಕ್ಕೆ ಮಾಟುಂಗಾ ದೂರವಿಲ್ಲ.

ಐಸಿಯುವಿನಿಂದ ವಾರ್ಡಿಗೆ

ಆಪರೇಷನ್ ಆದ ರಾತ್ರಿ ಗಂಟೆಗಂಟೆಗೆ ಎಬ್ಬಿಸಿ ಹೆಸರು ಕೇಳುತ್ತೇವೆ, ಕಣ್ಣಿಗೆ ಟಾರ್ಚ್ ಬಿಡುತ್ತೇವೆ. ‘ಮಲಗಲು ಬಿಡಿ ಸಿಸ್ಟರ್’ ಎಂದು ಮನೆಯವರು ಬೇಡುತ್ತಾರೆ. ಬಿಡುವಂತಿಲ್ಲ. ಒಳಗೆ ರಕ್ತ ಕಟ್ಟಿದರೆ ಮೊದಲು ತಿಳಿಸುವುದು ಯಂತ್ರವಲ್ಲ, ತಡವಾಗಿ ಬಂದ ಉತ್ತರ. ಚೀಟಿಯಲ್ಲಿ ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್) 15 ಎಂದಿದ್ದರೆ ಪೂರ್ಣ ಎಚ್ಚರ ಎಂದು ತಿಳಿಯಿರಿ. 1974ರಲ್ಲಿ ಗ್ಲಾಸ್ಗೋದ ವೈದ್ಯರು ಮಾಡಿದ ಅಳತೆ ಅದು. ಅತಿ ಕಡಿಮೆ 3, ಸೊನ್ನೆ ಎಂಬುದಿಲ್ಲ.

ಹುರಿಯ ಆಪರೇಷನ್ ಆದವರು ಮರುದಿನ ಹೆದರುವುದು ಒಂದು ಕಾರಣಕ್ಕೆ: ಕಾಲಿನಲ್ಲಿ ಶಕ್ತಿ ಇದೆ, ಎತ್ತು ಎಂದರೆ ಎತ್ತುತ್ತಾರೆ, ಆದರೆ ಕಾಲು ಎಲ್ಲಿದೆ ಎಂದು ಅವರಿಗೇ ತಿಳಿಯುವುದಿಲ್ಲ. ಒಳಗಿನ ಗಡ್ಡೆ ಮುಟ್ಟಲು ಹುರಿಯ ಬೆನ್ನನ್ನು ನಟ್ಟನಡುವೆ ಸೀಳಬೇಕು. ಕಾಲಿನ ನೆಲೆ ತಿಳಿಸುವ ಎಳೆಗಳು ಇರುವುದು ಸರಿಯಾಗಿ ಅಲ್ಲೇ. ಮೊದಲು ನಿಂತಾಗ ನೆಲವೇ ಇಲ್ಲದಂತೆ ಅನಿಸುತ್ತದೆ ಎನ್ನುತ್ತಾರೆ. ಹೆಚ್ಚಿನವರಲ್ಲಿ ವಾರಗಳು, ತಿಂಗಳುಗಳಲ್ಲಿ ಸುಧಾರಿಸುತ್ತದೆ. ಅಲ್ಲಿಯವರೆಗೆ ಕಣ್ಣೇ ಕಾಲಿಗೆ ದಾರಿ ತೋರಿಸಬೇಕು. ಹಾಗಾಗಿ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಉರಿಯುತ್ತಿರಲಿ, ಮುಂದೆ ಕನ್ನಡಿ ಇಟ್ಟುಕೊಂಡು ನಡೆಯುವ ಅಭ್ಯಾಸ ಮಾಡಿಸಿ.

ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯ ನೆರೆಯಲ್ಲಿ ಬರುವ ಕ್ರೇನಿಯೋಫ್ಯಾರಿಂಜಿಯೋಮದ ಆಪರೇಷನ್ ಆದವರಲ್ಲಿ ಲಕ್ಷ್ಯ ಕೊಡಬೇಕಾದದ್ದು ಮೂತ್ರದ ಜಗ್ಗಿಗೆ. ನೀರು ಹಿಡಿದಿಡುವ ಹಾರ್ಮೋನು ನಿಂತರೆ ಗಂಟೆಗೆ 250–300 ಮಿಲಿ ಮೂತ್ರ ಒಂದೇ ಸಮನೆ ಹೋಗುತ್ತದೆ, ರಕ್ತದ ಸೋಡಿಯಂ 145 ದಾಟಿ ಏರುತ್ತದೆ. ನಾಲ್ಕೈದು ದಿನ ಕಳೆದು ಇದ್ದಕ್ಕಿದ್ದಂತೆ ಮೂತ್ರ ಇಳಿದು ಸೋಡಿಯಂ ಬೀಳುವುದೂ ಇದೆ. ಆಗ ‘ಗುಣವಾಯಿತು’ ಎಂದು ಹಿಗ್ಗಿ ಇನ್ನಷ್ಟು ನೀರು ಕುಡಿಸಿದರೆ ಫಿಟ್ಸ್ ಬರುತ್ತದೆ. ಕಲಬುರಗಿಯಿಂದ ಬಂದ ಒಬ್ಬ ತಾಯಿಗೆ ಓದು ಬರುತ್ತಿರಲಿಲ್ಲ. ಮಗನಿಗೆ ಕುಡಿಸಿದ ಪ್ರತಿ ಲೋಟಕ್ಕೆ ಒಂದು ನೆಟ್ಟಗಿನ ಗೆರೆ, ಸುರಿದ ಪ್ರತಿ ಜಗ್ಗಿಗೆ ಒಂದು ಅಡ್ಡಗೆರೆ ಎಳೆದು ಇಟ್ಟಿದ್ದಳು. ನಮ್ಮ ಚಾರ್ಟಿಗಿಂತ ಅವಳ ಲೆಕ್ಕ ಚೊಕ್ಕವಾಗಿತ್ತು. ಈ ರೋಗಿಗಳಿಗೆ ಸ್ಟಿರಾಯ್ಡ್ ಮಾತ್ರೆ ಅನೇಕ ವೇಳೆ ಜೀವನಪೂರ್ತಿ ಬೇಕು. ಉಪವಾಸವೆಂದೋ ವಾಂತಿಯೆಂದೋ ತಪ್ಪಿಸಿದರೆ ಪ್ರಾಣಾಪಾಯ. ಜ್ವರ ಬಂದರೆ ಪ್ರಮಾಣ ಎಷ್ಟು ಏರಿಸಬೇಕೆಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮಕ್ಕಳಲ್ಲಿ ಈ ಗಡ್ಡೆಯನ್ನು ಚೂರೂ ಬಿಡದೆ ತೆಗೆಯಹೋಗಿ, ಹಸಿವನ್ನು ಹಿಡಿತದಲ್ಲಿಡುವ ಮಿದುಳಿನ ಭಾಗವಾದ ಹೈಪೊಥಲಾಮಸ್‌ಗೆ ಏಟು ಬಿದ್ದರೆ ಹಸಿವು ತೀರದೆ ಮೈ ಊದುತ್ತಾ ಹೋಗುತ್ತದೆ. ಅದಕ್ಕೇ ಈಗ ಅನೇಕ ಕಡೆ ಸ್ವಲ್ಪ ಬಿಟ್ಟು ರೇಡಿಯೇಷನ್ ಕೊಡುತ್ತಾರೆ.

ಮೂಗಿನ ಮೂಲಕ ಆಪರೇಷನ್ ಆದವರು ಸರ್ಜನ್ ಹೇಳುವವರೆಗೆ ಮೂಗು ಸೀನಿ ಸಿಂಬಳ ತೆಗೆಯಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪುಪ್ಪು ಅನಿಸಿದರೆ ಅದು ಶೀತವಲ್ಲ, ಮಿದುಳಿನ ನೀರು ಸೋರುತ್ತಿದೆ. ಅದೇ ಗಳಿಗೆಯಲ್ಲಿ ಹೇಳಿ.

ಚಿಕ್ಕಮಿದುಳಿನ ಗಡ್ಡೆ ತೆಗೆದ ಕೆಲವು ಮಕ್ಕಳು ಒಂದೆರಡು ದಿನ ಮಾತಾಡಿ ಆಮೇಲೆ ಮೂಕರಾಗಿಬಿಡುತ್ತಾರೆ. ದೃಷ್ಟಿ ತೆಗೆಯುವುದು, ಹರಕೆ, ಎಲ್ಲವೂ ನಡೆಯುತ್ತವೆ. ಇದಕ್ಕೆ ವೈದ್ಯಕೀಯದಲ್ಲಿ ಹೆಸರಿದೆ: ಸೆರಿಬೆಲ್ಲರ್ ಮ್ಯೂಟಿಸಂ. ವಾರಗಳು, ಕೆಲವೊಮ್ಮೆ ತಿಂಗಳುಗಳ ನಂತರ ಮಾತು ಮರಳುತ್ತದೆ, ಆದರೆ ಮೊದಲಿನ ವೇಗ ಎಲ್ಲರಿಗೂ ಬರುವುದಿಲ್ಲ.

ಊರಿಗೆ ಹೋದ ಮೇಲೆ

ಊತ ಇಳಿಸಲು ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ಹಂತ ಹಂತವಾಗಿ ಇಳಿಸಬೇಕು, ಥಟ್ಟನೆ ನಿಲ್ಲಿಸುವಂತಿಲ್ಲ. ಅದು ನಡೆಯುವಷ್ಟು ದಿನ ಸಕ್ಕರೆ ಪರೀಕ್ಷಿಸುತ್ತಿರಿ. ಫಿಟ್ಸ್‌ಗೆ ಲೆವೆಟಿರಾಸಿಟಮ್ ಕೊಟ್ಟಿದ್ದು, ಸಾಧು ಮನುಷ್ಯ ಸಿಡಿಮಿಡಿಗೊಂಡು ತಟ್ಟೆ ಎಸೆಯುತ್ತಿದ್ದರೆ ಸೊಸೆಯನ್ನು ದೂರಬೇಡಿ, ಡಾಕ್ಟರಿಗೆ ಹೇಳಿ. ಅದು ಆ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ, ಬದಲಿ ಮಾತ್ರೆಗಳಿವೆ.

ಸ್ಪರ್ಶ ಇಲ್ಲದ ಕಾಲಿಗೆ ಬಿಸಿನೀರಿನ ಶಾಖ ಕೊಡಲೇಬಾರದು. ನಮ್ಮ ಕಡೆ ಬಚ್ಚಲ ಹಂಡೆಯ ನೀರೆಂದರೆ ಹಬೆಯಾಡಬೇಕು. ಬೊಬ್ಬೆ ಎದ್ದದ್ದು ಸಂಜೆ ಬಟ್ಟೆ ಬದಲಿಸುವಾಗಲೇ ಕಾಣುವುದು. ನೀರನ್ನು ಮೊದಲು ಇನ್ನೊಬ್ಬರು ಮೊಣಕೈಯಿಂದ ನೋಡಲಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋದರೆ ಮುಗಿಯಿತು.

ಮೂತ್ರ ತಾನಾಗಿ ಬಾರದವರಿಗೆ ಸದಾ ನಳಿಕೆ ಹಾಕಿರುವುದಕ್ಕಿಂತ ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ಸಣ್ಣ ನಳಿಕೆ ಹಾಕಿ ತೆಗೆಯುವುದು ಒಳ್ಳೆಯದು. ಸೋಂಕೂ ಕಡಿಮೆ, ಮರ್ಯಾದೆಯೂ ಉಳಿಯುತ್ತದೆ. ವಾರ್ಡಿನಲ್ಲಿರುವಾಗಲೇ ಸಿಸ್ಟರ್ ಎದುರು ಕಲಿತು ಹೋಗಿ. ಗಂಡಸರು ‘ಊರಿಗೆ ಹೋಗಿ ನೋಡೋಣ’ ಎನ್ನುತ್ತಾರೆ. ಊರಲ್ಲಿ ಕಲಿಸುವವರು ಇರುವುದಿಲ್ಲ.

ಉಳಿದ ಅಶಕ್ತತೆ ಶೇ 40 ಅಥವಾ ಹೆಚ್ಚಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸವಲತ್ತುಗಳು ಸಿಗುತ್ತವೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ನಿಮ್ಮ ಜಿಲ್ಲೆಯಿಂದಲೇ ಅರ್ಜಿ ಹಾಕಬಹುದು. ಡಿಸ್ಚಾರ್ಜ್ ಕಾರ್ಡ್, ಬಯಾಪ್ಸಿ ವರದಿಗಳ ಜೆರಾಕ್ಸ್ ಲಗತ್ತಿಸಿ, ಅಸಲನ್ನು ಯಾರಿಗೂ ಕೊಡಬೇಡಿ. ತಪಾಸಣೆಗೆ ಮತ್ತೆ ಮುಂಬೈಗೆ ಬಂದಾಗ ಲೋಕಲ್ ರೈಲಿನ ಅಂಗವಿಕಲರ ಡಬ್ಬಿ ಹತ್ತಿ. ಕ್ಯಾನ್ಸರ್ ರೋಗಿಗಳಿಗೂ ಅದರಲ್ಲಿ ಜಾಗವಿದೆ, ಆಸ್ಪತ್ರೆಯ ಕಾಗದ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಬೆಳಗಿನ ಎಂಟರಿಂದ ಹತ್ತೂವರೆವರೆಗೆ ಮಾತ್ರ ಆ ಡಬ್ಬಿಯ ಆಸೆಯನ್ನೂ ಬಿಟ್ಟು, ಹನ್ನೊಂದರ ಮೇಲೆ ಹೊರಡಿ.